‘ಎಲ್ಲವೂ ಒಂದೇ ಡೇಟಾಬೇಸಿನಲ್ಲಿ’ ಎನ್ನುವವರಿಗೆ ಒಪ್ಪಿಗೆ ಕೊಡುವ ಮುನ್ನ

ಹಲವು ತಂಡಗಳು ಸೇರಿ ಬಳಸುವ ಭೂಮಾಹಿತಿ ಡೇಟಾಬೇಸ್ ನಿಮ್ಮಲ್ಲಿದೆಯೇ? ಉಪಗ್ರಹ ಮತ್ತು ಡ್ರೋನ್ ಚಿತ್ರಗಳನ್ನೂ ಅದರೊಳಗೇ ತುಂಬಿಸಿಕೊಡುತ್ತೇವೆ ಎಂದು ಗುತ್ತಿಗೆದಾರರು ಯಾರಾದರೂ ಬಂದಿದ್ದರೆ, ಸಹಿ ಹಾಕುವ ಮೊದಲು ಇದನ್ನೊಮ್ಮೆ ಓದಿ. ನಾನಿರುವ ಯೋಜನೆಗೆ ಹಾಗೆ ಬಂದವರ ಹೆಸರು ಇಲ್ಲಿ ಬೇಡ. ‘ಫೈಲುಗಳ ಗೋಜಲೇ ಇರುವುದಿಲ್ಲ, ಎಲ್ಲವೂ ಒಂದೇ ಕಡೆ’ ಎಂಬುದು ಅವರ ಮಾತು. ರಸ್ತೆ, ಕೊಳವೆ ಮಾರ್ಗ, ನಿವೇಶನದ ಗಡಿಗಳೆಲ್ಲ ಆಗಲೇ, ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ನಕ್ಷೆಗಳನ್ನು ನಿಭಾಯಿಸಲು ಕಲಿಸುವ ವಿಸ್ತರಣೆಯಾದ ಪೋಸ್ಟ್‌ಜಿಐಎಸ್‌ನಲ್ಲಿದ್ದವು. ಚಿತ್ರಗಳೂ ಅಲ್ಲಿಯೇ ಇದ್ದರೆ ಒಳ್ಳೆಯದೇ ಎಂದು ಮೇಲಿನವರು ತಲೆಯಾಡಿಸಿದರು.

ಗಾತ್ರದ ಲೆಕ್ಕವನ್ನು ಮಾತ್ರ ಯಾರೂ ಮೇಜಿನ ಮೇಲಿಡಲಿಲ್ಲ. ಒಂದು ಪಿಕ್ಸೆಲ್ 5 ಸೆಂಟಿಮೀಟರ್ ಇರುವ ಡ್ರೋನ್ ಚಿತ್ರದಲ್ಲಿ ಒಂದು ಚದರ ಕಿಲೋಮೀಟರಿಗೆ 40 ಕೋಟಿ ಪಿಕ್ಸೆಲ್‌ಗಳು ಬರುತ್ತವೆ. ಮೂರು ಬಣ್ಣಗಳಿಗೆ ತಲಾ ಒಂದು ಬೈಟ್ ಎಂದರೂ 1.2 ಜಿಬಿ. 100 ಚದರ ಕಿಲೋಮೀಟರಿಗೆ 120 ಜಿಬಿ. ಇದನ್ನೇ ಫೈಲಿನಲ್ಲಿ ಜೆಪೆಗ್ ಸಂಕೋಚನದೊಂದಿಗೆ ಇಟ್ಟರೆ ಗಾತ್ರ ಬಹಳ ಇಳಿಯುತ್ತದೆ. ಡೇಟಾಬೇಸಿನ ಒಳಗೆ ಆ ಸೌಲಭ್ಯವಿಲ್ಲ. ಅಲ್ಲಿರುವುದು ಪೋಸ್ಟ್‌ಗ್ರೆಸ್‌ನ ಸಾಮಾನ್ಯ ಸಂಕೋಚನ, ಅದಕ್ಕೆ ಛಾಯಾಚಿತ್ರದಂಥ ದತ್ತಾಂಶ ಸುಲಭಕ್ಕೆ ಬಗ್ಗುವುದಿಲ್ಲ.

ಮೊದಲು ಕೆಟ್ಟದ್ದು ವೇಗ. ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಪಿಕ್ಸೆಲ್‌ನ ಬ್ಯಾಂಡಿನ (ಬೆಳಕಿನ ಒಂದು ಪಟ್ಟಿಯ) ಒಂದು ಚಿತ್ರ 10980 ಪಿಕ್ಸೆಲ್ ಅಗಲ, ಅಷ್ಟೇ ಉದ್ದ. 256 ಪಿಕ್ಸೆಲ್‌ಗಳ ಚೌಕ ತುಣುಕುಗಳಾಗಿ, ಅಂದರೆ ಟೈಲ್‌ಗಳಾಗಿ, ಕತ್ತರಿಸಿದರೆ ಒಂದೊಂದು ಬದಿಗೆ 43, ಟೈಲಿಗೊಂದರಂತೆ ಕೋಷ್ಟಕದಲ್ಲಿ ಒಟ್ಟು 1849 ಸಾಲುಗಳು. ಓವರ್‌ವ್ಯೂಗಳಿದ್ದರೆ, ಅಂದರೆ ಅದೇ ಚಿತ್ರದ ಕಿರಿದುಗೊಳಿಸಿದ ಪ್ರತಿಗಳಿದ್ದರೆ, ನಕ್ಷೆಯನ್ನು ದೂರದಿಂದ ನೋಡುವಾಗ ಬೆರಳೆಣಿಕೆಯ ಸಾಲುಗಳು ಸಾಕು. ಅವುಗಳಿಗೆ ತಗಲುವ ಹೆಚ್ಚುವರಿ ಜಾಗ ಮೂಲದ ಮೂರನೇ ಒಂದು ಭಾಗದಷ್ಟೇ. ನಮ್ಮ ಗುತ್ತಿಗೆದಾರರು ಜಾಗ ಉಳಿಸುವ ನೆಪದಲ್ಲಿ ಅವನ್ನೇ ಕೈಬಿಟ್ಟಿದ್ದರು. ಯಾರೋ ಒಬ್ಬರು ಪೂರ್ತಿ ಚಿತ್ರ ನೋಡಲು ಹೊರಟರೆ 1849 ಸಾಲುಗಳೂ ಡಿಸ್ಕ್‌ನಿಂದ ಎದ್ದು ಬರುತ್ತಿದ್ದವು, ಪರದೆಗೆ ತಲುಪುವಷ್ಟರಲ್ಲಿ ಬಹುಪಾಲು ಪಿಕ್ಸೆಲ್‌ಗಳು ಕಸ. ಅಷ್ಟರಲ್ಲಿ ರಸ್ತೆ ತಂಡದವರು ಒಂದು ಗೆರೆ ಉಳಿಸಲು ಕಾಯುತ್ತ ಕುಳಿತು ನೆಟ್‌ವರ್ಕಿಗೆ ಶಾಪ ಹಾಕುತ್ತಿದ್ದರು.

ಆಮೇಲೆ ಡಿಸ್ಕ್. ಬಣ್ಣ ತಿದ್ದುವ ನೆಪದಲ್ಲಿ ಇದ್ದ ಟೈಲ್‌ಗಳ ಮೇಲೆಯೇ ಅಪ್‌ಡೇಟ್ ಓಡಿಸಿದರು. ಪೋಸ್ಟ್‌ಗ್ರೆಸ್ ಹಳೆಯ ಸಾಲನ್ನು ಅಳಿಸಿ ಬರೆಯುವುದಿಲ್ಲ, ಹೊಸದನ್ನು ಪಕ್ಕದಲ್ಲಿ ಬರೆದು ಹಳೆಯದನ್ನು ಸತ್ತದ್ದೆಂದು ಗುರುತಿಸುತ್ತದೆ. ಸಾಮಾನ್ಯ ವ್ಯಾಕ್ಯೂಮ್, ಅಂದರೆ ಸತ್ತ ಸಾಲುಗಳನ್ನು ಗುಡಿಸುವ ಆದೇಶ, ಆ ಜಾಗವನ್ನು ಮರುಬಳಕೆಗೆ ಬಿಡುತ್ತದೆ, ಆದರೆ ಬಹುಮಟ್ಟಿಗೆ ಡಿಸ್ಕ್‌ಗೆ ಹಿಂದಿರುಗಿಸುವುದಿಲ್ಲ. ಕೋಷ್ಟಕ ಹೆಚ್ಚುಕಡಿಮೆ ಇಮ್ಮಡಿಯಾಯಿತು, ಜೊತೆಗೆ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಲಾಗ್ ಕಡತಗಳೂ ಉಬ್ಬಿದವು. ಜಾಗ ಮುಗಿದಾಗ ನಿಂತದ್ದು ಚಿತ್ರಗಳಷ್ಟೇ ಅಲ್ಲ, ಇಡೀ ಡೇಟಾಬೇಸ್. ಫೋನ್ ಮಾಡಿದರೆ ‘ವ್ಯಾಕ್ಯೂಮ್ ಫುಲ್ ಓಡಿಸಿ’ ಎಂಬ ಉತ್ತರ ಬಂತು. ವ್ಯಾಕ್ಯೂಮ್ ಫುಲ್ ಇಡೀ ಕೋಷ್ಟಕದ ಹೊಸ ಪ್ರತಿಯನ್ನೇ ಬರೆಯುತ್ತದೆ, ಮುಗಿಯುವವರೆಗೂ ಕೋಷ್ಟಕಕ್ಕೆ ಬೀಗ. ಜಾಗವೇ ಇಲ್ಲದ ಡಿಸ್ಕ್‌ನಲ್ಲಿ ಆ ಪ್ರತಿಯನ್ನು ಎಲ್ಲಿ ಬರೆಯಬೇಕೆಂದು ಕೇಳಿದೆ. ಆ ಕಡೆ ಮೌನ.

ಮುಂದಿನ ಋತುವಿನ ಚಿತ್ರಗಳು ಬಂದಾಗ ಇನ್ನೊಂದು ತಮಾಷೆ. ಮೊದಲ ಬಾರಿ ತುಂಬಿಸುವಾಗ ಕೋಷ್ಟಕಕ್ಕೆ ಗರಿಷ್ಠ ವ್ಯಾಪ್ತಿಯ ನಿರ್ಬಂಧ ಬಿದ್ದಿತ್ತು, ಅದರಾಚೆಯ ಟೈಲ್‌ಗಳನ್ನು ಡೇಟಾಬೇಸ್ ತಿರಸ್ಕರಿಸಿತು. ಅದೊಂದನ್ನು ತೆಗೆದಿದ್ದರೆ ಸಾಕಿತ್ತು. ಇವರು ಎಲ್ಲ ನಿರ್ಬಂಧಗಳನ್ನೂ ಕಿತ್ತುಹಾಕಿದರು, ಪ್ರಕ್ಷೇಪದ (ದುಂಡು ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ವಿಧಾನದ) ಸಂಕೇತವನ್ನು ಪರೀಕ್ಷಿಸುವುದನ್ನೂ ಸೇರಿಸಿ. ಬೇರೆ ಪ್ರಕ್ಷೇಪದ ಚಿತ್ರವೊಂದು ಸದ್ದಿಲ್ಲದೆ ಒಳಸೇರಿತು. ಎರಡನ್ನು ಜೋಡಿಸಲು ಹೊರಟ ದಿನ ಅದು ಹೊರಬಿತ್ತು.

ಇವೆಲ್ಲ ದುಡ್ಡು ಮತ್ತು ನಿದ್ದೆ ಕೊಟ್ಟರೆ ಸರಿಹೋಗುವ ಸಂಗತಿಗಳು. ಸರಿಹೋಗದ್ದು ಒಂದಿದೆ. ಚಿತ್ರಗಳನ್ನು ಒಳಗೆ ಹಾಕುವ ಮುನ್ನ ಅವರು ಎಲ್ಲವನ್ನೂ ವೆಬ್ ನಕ್ಷೆಗಳು ಬಳಸುವ ವೆಬ್ ಮರ್ಕೇಟರ್ ಪ್ರಕ್ಷೇಪಕ್ಕೆ ತಿರುಗಿಸಿ, 16 ಬಿಟ್‌ಗಳಿದ್ದುದನ್ನು 8ಕ್ಕೆ ಇಳಿಸಿ, ಪ್ರತಿ ಚಿತ್ರದ ಹೊಳಪಿನ ಮೌಲ್ಯಗಳನ್ನೂ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗಿಸಿದ್ದರು. ‘ಈಗ ಎಲ್ಲ ಡೇಟಾಬೇಸಿನಲ್ಲಿದೆಯಲ್ಲ’ ಎಂದು ಮೂಲ ಫೈಲುಗಳ ಡಿಸ್ಕ್‌ಗಳನ್ನು ಅಳಿಸಿ ಬೇರೆ ಕೆಲಸಕ್ಕೆ ಕೊಟ್ಟಿದ್ದರು. ಆ ಪಿಕ್ಸೆಲ್‌ಗಳಿಂದ ಲೆಕ್ಕಹಾಕಿದ, ಹಸಿರೆಷ್ಟಿದೆ ಎಂದು ಹೇಳುವ ಸಸ್ಯ ಸೂಚ್ಯಂಕಕ್ಕೆ ಈಗ ಕವಡೆ ಕಿಮ್ಮತ್ತಿಲ್ಲ. ಉಪಗ್ರಹದ ಚಿತ್ರಗಳನ್ನಾದರೂ ಮತ್ತೆ ಇಳಿಸಿಕೊಳ್ಳಬಹುದು, ಡ್ರೋನ್ ಹಾರಿದ ದಿನ ಮತ್ತೆ ಬರುವುದಿಲ್ಲ. ಭೂಬಳಕೆ ನಕ್ಷೆಯದು ಇನ್ನೂ ವಿಚಿತ್ರ ಕಥೆ. ಅದರಲ್ಲಿ 2 ಎಂದರೆ ನೀರು, 6 ಎಂದರೆ ಕಾಡು, 4 ಎಂದರೆ ಕಟ್ಟಡ. ವರ್ಗ ನಕ್ಷೆಯನ್ನು ತಿರುಗಿಸುವಾಗ ಅತಿ ಸಮೀಪದ ಪಿಕ್ಸೆಲ್‌ನ ಮೌಲ್ಯವನ್ನೇ ಎತ್ತಿಕೊಳ್ಳಬೇಕು. ಇವರು ಸುತ್ತಲಿನ ಮೌಲ್ಯಗಳ ಸರಾಸರಿ ತೆಗೆದರು. ಎರಡಕ್ಕೂ ಆರಕ್ಕೂ ಸರಾಸರಿ ನಾಲ್ಕು. ಪರಿಣಾಮವಾಗಿ ಕಾಡಿನ ನಡುವಿನ ಪ್ರತಿ ಕೆರೆಯ ಸುತ್ತಲೂ ಕಟ್ಟಡಗಳ ತೆಳ್ಳನೆಯ ಉಂಗುರ! ಅದನ್ನು ನಂಬಿ ಯಾರೋ ಒತ್ತುವರಿಯ ವರದಿಯನ್ನೂ ಬರೆಯತೊಡಗಿದ್ದರು.

ರಾಸ್ಟರನ್ನು, ಅಂದರೆ ಪಿಕ್ಸೆಲ್‌ಗಳ ಜಾಲವಾಗಿರುವ ದತ್ತಾಂಶವನ್ನು, ಡೇಟಾಬೇಸಿನಲ್ಲಿ ಇಡಲೇಬಾರದೆಂದು ನಾನು ಹೇಳುತ್ತಿಲ್ಲ. ಎತ್ತರದ ಅಥವಾ ಮಳೆಯ ಚಿಕ್ಕ ಜಾಲಗಳನ್ನು ಗಡಿಗಳೊಂದಿಗೆ ಸೇರಿಸಿ ಲೆಕ್ಕ ಹಾಕಲು ಪೋಸ್ಟ್‌ಜಿಐಎಸ್ ರಾಸ್ಟರ್ ಸೊಗಸಾಗಿ ಒದಗುತ್ತದೆ. ದೊಡ್ಡ ಚಿತ್ರಗಳಿಗೆ ಕ್ಲೌಡ್ ಆಪ್ಟಿಮೈಸ್ಡ್ ಜಿಯೋಟಿಫ್ ಎಂಬ ಫೈಲ್ ರೂಪವನ್ನು ಕೇಳಿ. 2023ರಲ್ಲಿ ಅದು ಭೂಮಾಹಿತಿಯ ಮಾನಕಗಳನ್ನು ರೂಪಿಸುವ ಓಪನ್ ಜಿಯೋಸ್ಪೇಷಿಯಲ್ ಕನ್ಸಾರ್ಷಿಯಂನ ಅಧಿಕೃತ ಮಾನಕವೂ ಆಗಿದೆ. ಟೈಲ್, ಓವರ್‌ವ್ಯೂ ಎಲ್ಲವೂ ಫೈಲಿನೊಳಗೇ ಇರುವುದರಿಂದ ಬೇಕಾದ ತುಣುಕನ್ನಷ್ಟೇ ಓದಬಹುದು. ಡೇಟಾಬೇಸಿನಲ್ಲಿ ಪ್ರತಿ ಚಿತ್ರದ ಹೊರಗೆರೆ, ತೆಗೆದ ದಿನಾಂಕ, ಫೈಲಿನ ವಿಳಾಸ ಮತ್ತು ಚೆಕ್‌ಸಮ್ (ಫೈಲ್ ಬದಲಾಗಿಲ್ಲವೆಂದು ತಾಳೆ ನೋಡುವ ಸಂಕೇತ) ಇದ್ದರೆ ಸಾಕು. ವಿಳಾಸದಲ್ಲಿ ‘ಡಿ ಡ್ರೈವ್’ ಎಂದು ಬರೆಯಲು ಬಿಡಬೇಡಿ, ಅದು ಅವರ ಯಂತ್ರದಲ್ಲಿ ಮಾತ್ರ ತೆರೆಯುತ್ತದೆ. ಮೂಲ ಫೈಲುಗಳನ್ನು ಬಿಟ್ ಆಳವಾಗಲಿ ಪ್ರಕ್ಷೇಪವಾಗಲಿ ಮುಟ್ಟದೆ ಹಸ್ತಾಂತರಿಸಬೇಕು, ಚೆಕ್‌ಸಮ್ ತಾಳೆಯಾಗುವವರೆಗೂ ಕೊನೆಯ ಕಂತು ಇಲ್ಲ ಎಂದು ಕರಾರಿನಲ್ಲೇ ಬರೆಸಿ.

ಈಗಾಗಲೇ ಸಿಕ್ಕಿಹಾಕಿಕೊಂಡವರಿಗೆ ಒಂದು ಮಾತು. ಚಿತ್ರಗಳನ್ನು ಹೊರತೆಗೆದು ಫೈಲುಗಳಾಗಿಸಿದ ಮೇಲೆ ಟೈಲ್‌ಗಳನ್ನು ಡಿಲೀಟ್ ಆದೇಶದಿಂದ ಅಳಿಸಲು ಹೋಗಬೇಡಿ, ಅದರಿಂದ ಜಾಗ ಕೂಡಲೇ ಡಿಸ್ಕ್‌ಗೆ ಹಿಂದಿರುಗುವುದಿಲ್ಲ. ಕೋಷ್ಟಕವನ್ನೇ ಡ್ರಾಪ್ ಮಾಡಿ. ಡಿಸ್ಕ್ ಕೂಡಲೇ ಬಿಡುವಾಗುತ್ತದೆ.