ಎಲ್ಗರ್ ಧ್ವನಿಮುದ್ರಣಗಳ ‘ಸಂಪೂರ್ಣ’ ಪೆಟ್ಟಿಗೆ: ಹಣ ಕೊಡುವ ಮೊದಲು ಇದನ್ನು ಓದಿ

ಇಂಗ್ಲೆಂಡಿನ ಸಂಯೋಜಕ ಎಡ್ವರ್ಡ್ ಎಲ್ಗರ್ ಸ್ವತಃ ವಾದ್ಯವೃಂದವನ್ನು ನಡೆಸಿ ಮುದ್ರಿಸಿದ ಸಂಗೀತವೆಲ್ಲ ಒಂದೇ ಪೆಟ್ಟಿಗೆಯಲ್ಲಿ, ‘ಗದ್ದಲವಿಲ್ಲದ ಸ್ಟೀರಿಯೊ’ದಲ್ಲಿ ಸಿಗುತ್ತದೆ ಎಂಬ ಜಾಹೀರಾತು ಆನ್‌ಲೈನ್ ಮಾರಾಟ ತಾಣದಲ್ಲಿ ಕಣ್ಣಿಗೆ ಬಿದ್ದರೆ ದಯವಿಟ್ಟು ಕೊಳ್ಳಬೇಡಿ. ನಾನು ಅದನ್ನು ತರಿಸಿ, ಎಲ್ಲ ಡಿಸ್ಕ್‌ಗಳನ್ನೂ ಪೂರ್ತಿ ಕೇಳಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಹಣ ಹೋದದ್ದು ಸಣ್ಣ ವಿಷಯ. ಈ ಪೆಟ್ಟಿಗೆಯ ಮೂಲಕ ಮೊದಲ ಸಲ ಎಲ್ಗರ್ ಅವರನ್ನು ಕೇಳುವವರು, ಅವರ ಸಂಗೀತ ಹೀಗೆಯೇ ಇತ್ತು ಎಂದು ನಂಬಿಬಿಡುತ್ತಾರಲ್ಲ, ಅದಕ್ಕೆ ನನಗೆ ಸಿಟ್ಟು.

ಈ ಮುದ್ರಣಗಳಿಗೆ ಇಷ್ಟು ಬೆಲೆ ಏಕೆ ಎಂದು ಮೊದಲು ಹೇಳಬೇಕು. ತಮ್ಮ ದೊಡ್ಡ ಕೃತಿಗಳಲ್ಲಿ ಬಹುಪಾಲನ್ನು ತಾವೇ ನಡೆಸಿ ಗ್ರಾಮಫೋನಿಗೆ ಕೊಟ್ಟ ಮೊದಲ ಸಂಯೋಜಕರಲ್ಲಿ ಎಲ್ಗರ್ ಒಬ್ಬರು. 1914ರ ಜನವರಿಯಲ್ಲಿ, ಮೈಕ್ ಇಲ್ಲದೆ ಸದ್ದನ್ನು ನೇರವಾಗಿ ಹಿಡಿಯುತ್ತಿದ್ದ ಭೋಂಗಿನ ಮುಂದೆ ಶುರುವಾದ ಈ ಕೆಲಸ, 1926ರಿಂದ ಮೈಕಿನ ಮುಂದೆ ನಡೆಯಿತು. ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೊ 1931ರ ನವೆಂಬರಿನಲ್ಲಿ ಆರಂಭವಾದಾಗ ಅಲ್ಲಿ ಮೊದಲು ನಿರ್ದೇಶಕನ ಕೋಲು ಹಿಡಿದು ನಿಂತವರು ಅವರೇ. 1934ರ ಜನವರಿಯಲ್ಲಿ, ಸಾಯುವುದಕ್ಕೆ ಒಂದು ತಿಂಗಳ ಮುಂಚೆ, ವೂಸ್ಟರಿನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾಗಲೂ ದೂರವಾಣಿ ತಂತಿಯ ಮೂಲಕ ಆ ಸ್ಟುಡಿಯೊದ ಒಂದು ಮುದ್ರಣವನ್ನು ಕೇಳುತ್ತ ಸೂಚನೆ ಕೊಟ್ಟರು. ಇಂದಿನ ವೃಂದಗಳು ಅವರ ಸಂಗೀತವನ್ನು ಭಾರವಾಗಿ, ನಿಧಾನವಾಗಿ ನುಡಿಸುವುದು ರೂಢಿ. ಅವರದೇ ನಡೆ ಚುರುಕು, ಎಲ್ಲಿಯೂ ಎಳೆದಾಡುವುದಿಲ್ಲ. ವೃಂದನಿರ್ದೇಶಕ ಜಾರ್ಜ್ ಶೋಲ್ಟಿ 1972ರಲ್ಲಿ ಎಲ್ಗರ್ ಅವರ ಮೊದಲ ಸಿಂಫನಿಯನ್ನು (ಇಡೀ ವೃಂದಕ್ಕೆ ಬರೆದ, ಹಲವು ಭಾಗಗಳ ದೊಡ್ಡ ಕೃತಿ) ಮುದ್ರಿಸುವ ಮೊದಲು ಎಲ್ಗರ್ ಅವರದೇ ಮುದ್ರಣವನ್ನು ಅಭ್ಯಾಸ ಮಾಡಿದ್ದರು. ಕೃತಿಕಾರನ ಕಾಲಪ್ರಮಾಣ ಯಾವುದು ಎಂಬುದಕ್ಕೆ ಈ ತಟ್ಟೆಗಳೇ ಸಾಕ್ಷಿ.

ನನಗೆ ಬಂದ ಪೆಟ್ಟಿಗೆಯಲ್ಲಿ ಆ ಸಾಕ್ಷಿಯನ್ನೇ ತಿರುಚಲಾಗಿದೆ. ಮೊದಲ ಸಿಂಫನಿ ಎ ಫ್ಲ್ಯಾಟ್ ಮೇಜರ್‌ನಲ್ಲಿದೆ. ನಮ್ಮ ಲೆಕ್ಕದಲ್ಲಿ ಐದೂವರೆ ಮನೆ ಶ್ರುತಿ. ಆರಂಭದ ಆ ಗಂಭೀರವಾದ ನಡಿಗೆಯ ಕೆಳಗೆ ಮಂದ್ರದ ತಂತಿವಾದ್ಯಗಳು ಒಂದೊಂದೇ ಹೆಜ್ಜೆ ಇಡುತ್ತವೆ, ಶ್ರುತಿ ಹಿಡಿಯುವುದು ಕಷ್ಟವಲ್ಲ. ಮೊಬೈಲಿನ ತಂಬೂರಿಯನ್ನು ಐದೂವರೆಗೆ ಇಟ್ಟು ಕೇಳಿದರೆ ಅಪಶ್ರುತಿ. ಆರು ಮನೆಗೆ ಏರಿಸಿದರೆ ಸರಿಯಾಗಿ ಕೂರುತ್ತದೆ. ಅರ್ಧ ಸ್ವರ ಮೇಲೆ! ತಟ್ಟೆಯನ್ನು ವೇಗವಾಗಿ ತಿರುಗಿಸಿದರೆ ಶ್ರುತಿಯೂ ಏರುತ್ತದೆ, ಕಾಲವೂ ಕುಗ್ಗುತ್ತದೆ. ಅರ್ಧ ಸ್ವರ ಎಂದರೆ ವೇಗದಲ್ಲಿ ಸುಮಾರು ಶೇಕಡಾ 6ರಷ್ಟು ಹೆಚ್ಚಳ. 1930ರ ಆ ಮುದ್ರಣ ಸುಮಾರು 46 ನಿಮಿಷದ್ದು. ಈ ಪೆಟ್ಟಿಗೆಯಲ್ಲಿ 44 ನಿಮಿಷವನ್ನೂ ಮುಟ್ಟುವುದಿಲ್ಲ. ಎಲ್ಗರ್ ಚುರುಕಾಗಿ ನಡೆಸುತ್ತಿದ್ದರು ಎಂದು ಕೇಳಿ ತಿಳಿದವರಿಗೆ ಈ ಧಾವಂತ ಸಹಜವೆಂದೇ ತೋರುತ್ತದೆ. ಅಪಾಯ ಇರುವುದೇ ಅಲ್ಲಿ.

ಇದೇ ಸಿಂಫನಿಯ ಎರಡನೆಯ ಭಾಗ ನಿಲ್ಲದೆ ಮೂರನೆಯದಕ್ಕೆ ಹರಿಯುತ್ತದೆ. ಎರಡನೆಯ ಭಾಗದಲ್ಲಿ ಓಡುತ್ತಿದ್ದ ಸ್ವರಗಳೇ ಕ್ರಮೇಣ ನಿಧಾನಿಸಿ, ಅದೇ ಸ್ವರಸಾಲು ವಿಳಂಬದಲ್ಲಿ ಹೊಸ ಭಾವ ತಾಳುತ್ತದೆ. ಎಲ್ಗರ್ ಬರೆದದ್ದರಲ್ಲಿ ನನಗೆ ಅತ್ಯಂತ ಪ್ರಿಯವಾದ ತಿರುವು ಅದು. ಪೆಟ್ಟಿಗೆ ಕಟ್ಟಿದವರು ಅಲ್ಲಿ ಸದ್ದನ್ನು ಇಳಿಸಿ, ಮೌನ ಸೇರಿಸಿ, ಬೇರೆ ಟ್ರ್ಯಾಕ್ ಮಾಡಿದ್ದಾರೆ. ಹಳೆಯ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ನಾಲ್ಕೂ ಕಾಲು, ನಾಲ್ಕೂವರೆ ನಿಮಿಷ. ಆದ್ದರಿಂದ ಮಗ್ಗುಲುಗಳ ಬೆಸುಗೆ ನಾಜೂಕಿನ ಕೆಲಸ. ಇಲ್ಲಿ ಹಲವು ಕಡೆ ಕೊನೆಯ ಸ್ವರದ ಬಾಲವೇ ಕತ್ತರಿಸಿ ಹೋಗಿದೆ.

ಪಿಟೀಲು ಕಾನ್ಚೆರ್ಟೊಗೆ, ಅಂದರೆ ಒಂಟಿ ಪಿಟೀಲು ಮತ್ತು ವೃಂದಕ್ಕಾಗಿ ಬರೆದ ಕೃತಿಗೆ, ಆಗಿರುವುದು ಇದಕ್ಕಿಂತ ಕೆಟ್ಟದ್ದು. 1932ರ ಜುಲೈನಲ್ಲಿ 16 ವರ್ಷದ ಯೆಹೂದಿ ಮೆನುಹಿನ್, 75 ದಾಟಿದ ಎಲ್ಗರ್ ಅವರ ನಿರ್ದೇಶನದಲ್ಲಿ ನುಡಿಸಿದ ಮುದ್ರಣ ಅದು. (ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರಿಂದ ಯೋಗ ಕಲಿತ ಮೆನುಹಿನ್ ಇವರೇ.) ಕೊನೆಯ ಭಾಗದಲ್ಲಿ ಒಂದು ದೀರ್ಘವಾದ ಏಕವ್ಯಕ್ತಿ ವಾದನ ಬರುತ್ತದೆ. ಅಂಥ ಕಡೆ ವೃಂದ ಸುಮ್ಮನಿರುವುದು ವಾಡಿಕೆ. ಎಲ್ಗರ್ ಹಾಗೆ ಮಾಡಲಿಲ್ಲ: ಒಂಟಿ ಪಿಟೀಲಿನ ಹಿಂದೆ ವೃಂದದ ತಂತಿಗಳನ್ನು ಬೆರಳಿನಿಂದ ಮೃದುವಾಗಿ ಸವರುತ್ತ, ಝೇಂಕಾರವೊಂದನ್ನು ಇಟ್ಟರು. ಕೃತಿಯ ಜೀವ ಇರುವುದು ಆ ಝೇಂಕಾರದಲ್ಲಿ.

ಆ ಪೆಟ್ಟಿಗೆಯಲ್ಲಿ ಝೇಂಕಾರವೇ ಇಲ್ಲ. ಗರಗರ ಸದ್ದನ್ನು ಅಳಿಸುವ ತಂತ್ರಾಂಶ, ಒಂದು ಮಟ್ಟಕ್ಕಿಂತ ಮೆಲ್ಲಗಿರುವ, ಒಂದೇ ಸಮನೆ ಬರುವ ಸದ್ದನ್ನೆಲ್ಲ ಕಸವೆಂದು ಎಣಿಸುತ್ತದೆ. ಅದನ್ನು ಮಿತಿಮೀರಿ ತಿರುಗಿಸಿಬಿಟ್ಟರೆ ತಂತಿಗಳ ಮರ್ಮರವೂ ಕಸದ ಜೊತೆ ಹೋಗುತ್ತದೆ. ಮೆನುಹಿನ್ ಒಬ್ಬರೇ ಖಾಲಿ ಕೋಣೆಯಲ್ಲಿ ನಿಂತು ನುಡಿಸಿದ ಹಾಗೆ ಕೇಳುತ್ತದೆ. ಅವರ ಸ್ವರ ಏರಿದಾಗಲೆಲ್ಲ ಹಿಂದೆ ಏನೋ ಒಂದು ಕ್ಷಣ ತೂರಿಬಂದು ಮತ್ತೆ ಅಡಗುತ್ತದೆ. ಸ್ನೇಹಿತರೊಬ್ಬರ ಬಳಿ ಇದ್ದ, ಇದೇ ಮುದ್ರಣದ ಇಎಂಐ ಕಂಪನಿಯ ಡಿಸ್ಕನ್ನು ಪಕ್ಕದಲ್ಲಿಟ್ಟು ಕೇಳಿದಾಗ, ಹಿಂದಿನ ಸರಸರ ಸದ್ದಿನ ನಡುವೆಯೂ ಝೇಂಕಾರ ಸ್ಪಷ್ಟವಾಗಿತ್ತು. ನನಗೆ ಕಣ್ಣು ತುಂಬಿಬಂದದ್ದು ನಿಜ.

ಎಲ್ಗರ್ ಇದೇ ಕೃತಿಯನ್ನು 1916ರಲ್ಲಿ ಮೇರಿ ಹಾಲ್ ಅವರೊಂದಿಗೆ, ನಾಲ್ಕೇ ಮಗ್ಗುಲಿಗೆ ಹಿಡಿಸುವಂತೆ ಮೊಟಕುಗೊಳಿಸಿ ಮುದ್ರಿಸಿದ್ದರು. ಭೋಂಗು ಅಷ್ಟು ಮೆಲ್ಲಗಿನ ಸದ್ದನ್ನು ಹಿಡಿಯುವುದಿಲ್ಲ ಎಂದು ಆ ಜಾಗಕ್ಕೆ ಹಾರ್ಪ್ ವಾದ್ಯವನ್ನು ಸೇರಿಸಿದ್ದರು. ಆ ಝೇಂಕಾರ ಕೇಳುಗರಿಗೆ ತಲುಪಲೇಬೇಕು ಎಂದು ಯುದ್ಧಕಾಲದಲ್ಲಿ ಅಷ್ಟು ಶ್ರಮಪಟ್ಟವರ ಸಂಗೀತದಿಂದ ಅದನ್ನೇ ಈಗ ಒರೆಸಿಹಾಕಲಾಗಿದೆ. ಪೆಟ್ಟಿಗೆಯಲ್ಲಿ ಈ 1916ರ ಮುದ್ರಣವೂ ಇದೆ, ಆದರೆ ಕಾಗದದಲ್ಲಿ ಅದರ ವರ್ಷವಿಲ್ಲ, ವಾದಕಿಯ ಹೆಸರಿಲ್ಲ, ಮೊಟಕು ಮಾಡಿದ್ದು ಎಂಬ ಮಾತೂ ಇಲ್ಲ.

ಎಲ್ಗರ್ ಅವರ ‘ಎನಿಗ್ಮಾ ವೇರಿಯೇಷನ್ಸ್’ (1926) ಮತ್ತು ಎರಡನೆಯ ಸಿಂಫನಿ (1927) ಲಂಡನ್ನಿನ ಕ್ವೀನ್ಸ್ ಹಾಲ್‌ನಲ್ಲಿ ಮುದ್ರಣವಾದವು. 1941ರ ಮೇ ತಿಂಗಳ ಬಾಂಬ್ ದಾಳಿಯಲ್ಲಿ ಆ ಸಭಾಂಗಣ ಸುಟ್ಟುಹೋಯಿತು. ಅಲ್ಲಿ ಸದ್ದು ಹೇಗೆ ಅನುರಣಿಸುತ್ತಿತ್ತು ಎಂಬುದನ್ನು ಇಂಥ ತಟ್ಟೆಗಳಿಂದಲೇ ತಿಳಿಯಬೇಕು. ಪೆಟ್ಟಿಗೆಯಲ್ಲಿ ಆ ಅನುರಣನ ಒಣಗಿಹೋಗಿದೆ. ಅಂದಿನ ಪಿಟೀಲುಗಾರರು ಒಂದು ಸ್ವರದಿಂದ ಇನ್ನೊಂದಕ್ಕೆ ಧಾರಾಳವಾಗಿ ಜಾರುತ್ತಿದ್ದರು. ಗಮಕದ ಜಾರು ಬಲ್ಲ ಕಿವಿಗೆ ಅದು ಕೂಡಲೇ ಪರಿಚಿತವಾಗುತ್ತದೆ. ಮೇಲಿನ ಆವರ್ತಗಳನ್ನು ಕತ್ತರಿಸಿದ್ದರಿಂದ ಆ ಜಾರುಗಳೂ ಮಸುಕಾಗಿವೆ.

‘ಸ್ಟೀರಿಯೊ’ ಎಂಬುದು ಒಂದೇ ಸದ್ದನ್ನು ಎಡಬಲಕ್ಕೆ ಒಡೆದು, ಕೃತಕ ಪ್ರತಿಧ್ವನಿ ಸೇರಿಸಿದ್ದು. ವಿಶೇಷವೆಂದರೆ, ಎಲ್ಗರ್ 1933ರಲ್ಲಿ ಮುದ್ರಿಸಿದ ‘ಕಾಕೇಯ್ನ್’ ಕೃತಿಯ ವಾದನವೊಂದರ, ಎರಡು ಯಂತ್ರಗಳಲ್ಲಿ ಏಕಕಾಲಕ್ಕೆ ಹಿಡಿದ ತಟ್ಟೆಗಳು ಉಳಿದಿದ್ದು, ಪರಿಣತರು ಅವನ್ನು ತಾಳೆ ಹಾಕಿ ನಿಜವಾದ ಸ್ಟೀರಿಯೊ ಹೊಮ್ಮಿಸಿದ್ದಾರೆ. ಅದು ಈ ಪೆಟ್ಟಿಗೆಯಲ್ಲಿ ಇಲ್ಲ.

ಮಾರಾಟಗಾರರಿಗೆ ಇದನ್ನೆಲ್ಲ ವಿವರವಾಗಿ ಬರೆದೆ. ಹಳೆಯ ಮುದ್ರಣಗಳು ಹೀಗೆಯೇ ಇರುತ್ತವೆ ಎಂದು ಉತ್ತರ ಬಂತು. ಶ್ರುತಿಯ ವಿಷಯ ಕೇಳಿದ್ದಕ್ಕೆ ಮಾತಿಲ್ಲ. ಮುದ್ರೆ ಒಡೆದ ಡಿಸ್ಕ್‌ಗಳನ್ನು ವಾಪಸ್ ಪಡೆಯುವುದಿಲ್ಲ ಎಂಬ ನಿಯಮ ತೋರಿಸಿ ಮಾರಾಟ ತಾಣದವರು ದೂರನ್ನು ಮುಚ್ಚಿದರು. ಒಡೆಯದೆ ಕೇಳುವುದು ಹೇಗೆ ಎಂಬ ನನ್ನ ಪ್ರಶ್ನೆ ಹಾಗೆಯೇ ಉಳಿಯಿತು. ಅಂದ ಹಾಗೆ, ಅವು ಕಾರ್ಖಾನೆಯಲ್ಲಿ ಅಚ್ಚಾದವಲ್ಲ. ಹಿಂಬದಿಯ ಬಣ್ಣ ನೋಡಿದರೆ ಮನೆಯ ಕಂಪ್ಯೂಟರಿನಲ್ಲಿ ಬರೆದ ಡಿಸ್ಕ್‌ಗಳು ಎಂದು ಗೊತ್ತಾಗುತ್ತದೆ.

ಹೀಗೆ ನಕಲು ಮಾಡಿ ಮಾರಲು ಹಕ್ಕುಸ್ವಾಮ್ಯದ ಅಡ್ಡಿಯೂ ಇಲ್ಲ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟಣೆಯಿಂದ 60 ವರ್ಷ. ಎಲ್ಗರ್ ಅವರ ಮುದ್ರಣಗಳ ಗಡುವು ಎಂದೋ ಮುಗಿದಿದೆ, ಯಾರು ಬೇಕಾದರೂ ನಕಲು ಮಾಡಿ ಮಾರಬಹುದು. ಅದು ಒಳ್ಳೆಯದೇ, ಮಾಡುವವರಿಗೆ ಕಿವಿ ಇದ್ದರೆ.

ಕೊಳ್ಳುವ ಮೊದಲು ನೋಡಬೇಕಾದದ್ದು, ತಟ್ಟೆಯಿಂದ ಡಿಜಿಟಲ್‌ಗೆ ಇಳಿಸಿದವರ ಹೆಸರು ಇದೆಯೇ ಎಂಬುದು. ಶ್ರದ್ಧೆಯಿಂದ ಮಾಡಿದವರು ಹೆಸರು ಹಾಕುತ್ತಾರೆ. ಮುದ್ರಣದ ದಿನಾಂಕ, ಸ್ಥಳ, ವೃಂದದ ಹೆಸರನ್ನೂ ಕೊಡುತ್ತಾರೆ. ಅವಧಿ ಕೇಳಿ: ಮೊದಲ ಸಿಂಫನಿ 46 ನಿಮಿಷದ ಆಸುಪಾಸು, ಮೆನುಹಿನ್ ಕಾನ್ಚೆರ್ಟೊ 50 ನಿಮಿಷದ ಆಸುಪಾಸು ಇರಬೇಕು. ಮಾದರಿ ಕೊಟ್ಟಿದ್ದರೆ ತಂಬೂರಿ ಹಾಕಿ ನೋಡಿ. ಹಿಂದೆ ಒಂದಿಷ್ಟು ಸರಸರ ಸದ್ದು ಇದ್ದರೆ ಸಂತೋಷಪಡಿ, ಸಂಗೀತವನ್ನು ಯಾರೂ ತೊಳೆದುಹಾಕಿಲ್ಲ ಎಂದರ್ಥ. ಇಎಂಐ 1990ರ ದಶಕದ ಆರಂಭದಲ್ಲಿ ತಂದ ಮೂರು ಸಂಪುಟಗಳಲ್ಲಿ ಒಂಬತ್ತು ಡಿಸ್ಕ್‌ಗಳಿವೆ, ಮೈಕಿನ ಕಾಲದ ಮುದ್ರಣಗಳಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಅವನ್ನೇ. 2011ರಲ್ಲಿ ಮತ್ತೆ ಒಟ್ಟಾಗಿ ಬಂದವು. ಲ್ಯಾನಿ ಸ್ಪಾರ್ ಇಳಿಸಿದ, 2016ರಲ್ಲಿ ಸೊಮ್ ಸಂಸ್ಥೆ ಹೊರತಂದ ನಾಲ್ಕು ಡಿಸ್ಕ್‌ಗಳ ಸಂಪುಟವೂ ನಂಬಿಕೆಗೆ ಅರ್ಹ.

ಅದೇ ಮಾರಾಟಗಾರರು ಈಗ ಇಂಗ್ಲೆಂಡಿನ ಇನ್ನೊಬ್ಬ ಸಂಯೋಜಕ ಗುಸ್ತಾವ್ ಹೋಲ್ಸ್ಟ್ ಸ್ವತಃ ನಡೆಸಿದ ‘ದಿ ಪ್ಲಾನೆಟ್ಸ್’ ಕೃತಿಯನ್ನೂ ‘ಸ್ಟೀರಿಯೊ’ ಎಂದೇ ಮಾರಾಟಕ್ಕಿಟ್ಟಿದ್ದಾರೆ. ಹೋಲ್ಸ್ಟ್ ಅದನ್ನು ಎರಡು ಸಲ ಮುದ್ರಿಸಿದ್ದಾರೆ: 1922–23ರಲ್ಲಿ ಭೋಂಗಿನ ಮುಂದೆ, 1926ರಲ್ಲಿ ಮೈಕಿನ ಮುಂದೆ. ತಮ್ಮದು ಯಾವುದು ಎಂದು ಅವರು ಎಲ್ಲಿಯೂ ಹೇಳಿಲ್ಲ. ಕೇಳಿ ಬರೆದಿದ್ದೇನೆ, ಇನ್ನೂ ಉತ್ತರವಿಲ್ಲ. ಅದನ್ನೂ ಕೊಳ್ಳಬೇಡಿ.