ದಾವಣಗೆರೆಲೇ ಹೇರ್ ಟ್ರಾನ್ಸ್‌ಪ್ಲಾಂಟ್ ಮಾಡಿಸ್ಕೊಂಡೆ: ಕ್ಲಿನಿಕ್ ಹೆಂಗಿತ್ತು, ಆಮೇಲೆ ಏನೇನಾಯ್ತು

ಮೊದ್ಲೇ ಹೇಳ್ಬಿಡ್ತೀನಿ, ಕ್ಲಿನಿಕ್ ಹೆಸರು ಹಾಕಲ್ಲ, ಬಿಲ್ಲಿನ ವಿಷ್ಯಕ್ಕೆ ಅವ್ರಿಗೂ ನಂಗೂ ಸ್ವಲ್ಪ ಕಿರಿಕ್ ಆಗಿದೆ, ಅದು ಕೆಳಗೆ ಇದೆ ಓದಿ. ಊರೊಳಗಿನ ಒಂದು ಸ್ಕಿನ್ ಕ್ಲಿನಿಕ್ಕು ಅಷ್ಟೇ. ವರ್ಷ ತುಂಬಿದ ಮೇಲೇ ಬರೆಯೋಣ ಅಂತ ಸುಮ್ನಿದ್ದೆ, ಯಾಕಂದ್ರೆ ಸರ್ಜರಿ ಆಗಿ ವಾರಕ್ಕೆಲ್ಲ 'ಸೂಪರ್ ಸರ್ವಿಸ್' ಅಂತ 5 ಸ್ಟಾರ್ ಹಾಕ್ತಾರಲ್ಲ ಅದರಿಂದ ಯಾರಿಗೂ ಏನೂ ಗೊತ್ತಾಗಲ್ಲ, ಆವಾಗ ತಲೆ ಮೇಲಿರೋದು ಬರೀ ಹಕ್ಕಳೆ.

ನಂಗೆ 34. ಅಪ್ಪಂದೂ ದೊಡ್ಡಪ್ಪಂದೂ ಬೊಕ್ಕತಲೆ, ಸೋ ಆಶ್ಚರ್ಯ ಏನಿಲ್ಲ. ಹಣೆ ಎರಡೂ ಮೂಲೇಲಿ ಹಿಂದಕ್ಕೆ ಹೋಗಿತ್ತು, ನೆತ್ತಿ ಮೇಲೂ ತೆಳ್ಳಗಾಗ್ತಾ ಇತ್ತು. ಮೊದ್ಲು ಬೆಂಗಳೂರಿನ ಒಂದು ಕಡೆಗೆ ವಾಟ್ಸಾಪಲ್ಲಿ ಫೋಟೋ ಕಳ್ಸಿದ್ದೆ, ತಲೆ ಮುಟ್ಟಿ ನೋಡ್ದೇನೇ '4,500 ಗ್ರಾಫ್ಟ್ ಸರ್, ಇವತ್ತೇ ಬುಕ್ ಮಾಡಿದ್ರೆ ಆಫರ್' ಅಂದ್ರು. ಗ್ರಾಫ್ಟ್ ಅಂದ್ರೆ ಬೇರು ಸಮೇತ ಕಿತ್ತು ನೆಡೋ ಕೂದ್ಲಿನ ಗುಚ್ಛ, ಒಂದೊಂದರಲ್ಲಿ 1ರಿಂದ 4 ಕೂದ್ಲು ಇರ್ತಾವೆ. ಇಲ್ಲಿ ಡಾಕ್ಟ್ರು ಲೆನ್ಸ್ ಇಟ್ಕೊಂಡು ಹಿಂದ್ಗಡೆ ಕೂದ್ಲೆಲ್ಲ ಬಿಡಿಸಿ ಬಿಡಿಸಿ ನೋಡಿ, "ಮುಂದೆ ಮಾತ್ರ ಮಾಡೋಣ, 2,200 ಸಾಕು, ನೆತ್ತಿ ಈಗ ಮುಟ್ಟಲ್ಲ" ಅಂದ್ರು. ನಂಗೆ ಈ ಕ್ಲಿನಿಕ್ ಮೇಲೆ ನಂಬಿಕೆ ಬಂದಿದ್ದು ಅಲ್ಲೇ, ದುಡ್ಡು ಬರೋ ಕೆಲ್ಸನ ಬೇಡ ಅಂತಿದಾರೆ ಅಂದ್ರೆ ಏನೋ ಕಾರಣ ಇರ್ಬೇಕಲ್ಲ.

ಕಾರಣ ಇದು. ತಲೆ ಹಿಂಭಾಗದಲ್ಲಿ ಕಿವಿಯಿಂದ ಕಿವಿವರೆಗೆ ಇರೋ ಕೂದ್ಲಿಗೆ, ಬೊಕ್ಕತಲೆ ಮಾಡೋ ಡಿಎಚ್‌ಟಿ ಹಾರ್ಮೋನಿನ ಕಾಟ ಕಮ್ಮಿ, ಅಲ್ಲಿಂದ ಕಿತ್ತು ಮುಂದೆ ನೆಟ್ರೂ ಅದು ತನ್ನ ಗುಣ ಬಿಡಲ್ಲ, ಉಳ್ಕೊಳ್ಳುತ್ತೆ. ಆದ್ರೆ ಕಿತ್ತ ಜಾಗದಲ್ಲಿ ಮತ್ತೆ ಹುಟ್ಟಲ್ಲ. ನಮ್ ಭದ್ರಾ ನಾಲೆ ಕಡೆಯವರಿಗೆ ಹೇಳೋದಾದ್ರೆ ಸಸಿಮಡಿ ಇರೋದು ಒಂದೇ, ಮತ್ತೆ ಬೀಜ ಚೆಲ್ಲಂಗಿಲ್ಲ, ಇರೋ ಸಸೀಲಿ ಯಾವ ಗದ್ದೆ ಮುಖ್ಯ ನೋಡ್ಕೊಂಡು ನಾಟಿ ಮಾಡ್ಬೇಕು. ಎಲ್ಲ ಈಗ್ಲೇ ಖರ್ಚು ಮಾಡಿದ್ರೆ, ಹಳೇ ಕೂದ್ಲು ಉದುರೋದು ಹೆಂಗೂ ನಿಲ್ಲಲ್ವಲ್ಲ, 45ಕ್ಕೆ ಹಣೆ ಮೇಲೆ ಕೂದ್ಲು, ಹಿಂದೆ ಬೋಳು, ಸ್ಟಾಕ್ ಖಾಲಿ.

ನೀವು ಎಲ್ಲೇ ಹೋದ್ರೂ ಒಂದು ಪ್ರಶ್ನೆ ಕೇಳ್ಲೇಬೇಕು: ಕೂದ್ಲು ಕೀಳೋದು, ನೆಡೋಕೆ ತೂತು ಹೊಡಿಯೋದು ಯಾರು, ಡಾಕ್ಟ್ರಾ ಟೆಕ್ನಿಷಿಯನ್ನಾ? ನ್ಯಾಷನಲ್ ಮೆಡಿಕಲ್ ಕಮಿಷನ್ 2022ರಲ್ಲೇ ಇದಕ್ಕೆ ಗೈಡ್‌ಲೈನ್ ಕೊಟ್ಟಿದೆ, ಪ್ಲಾಸ್ಟಿಕ್ ಸರ್ಜನ್ ಆಗಿರ್ಬೇಕು ಇಲ್ಲಾ ತರಬೇತಿ ಇರೋ ಚರ್ಮರೋಗ ತಜ್ಞರಾಗಿರ್ಬೇಕು, ಎಮರ್ಜೆನ್ಸಿ ಆದ್ರೆ ನೋಡ್ಕೊಳ್ಳೋ ವ್ಯವಸ್ಥೆ ಇರ್ಬೇಕು, ಯೂಟ್ಯೂಬ್ ನೋಡಿ ಕಲಿತಿದ್ದು ತರಬೇತಿ ಅಲ್ಲ ಅಂತ್ಲೂ ಅದರಲ್ಲಿದೆ (ಅದನ್ನೂ ಬರೀಬೇಕಾಯ್ತು ಅಂದ್ರೆ ನೋಡಿ ಪರಿಸ್ಥಿತಿ). ಇಲ್ಲಿ ಕೀಳೋದು, ತೂತು ಎರಡೂ ಡಾಕ್ಟ್ರೇ ಮಾಡಿದ್ರು.

ಸರ್ಜರಿ ದಿನದ ಬಗ್ಗೆ ಜಾಸ್ತಿ ಭಯ ಬೇಡ. ಬ್ಲಡ್ ಟೆಸ್ಟು, ಬಿಪಿ, ಶುಗರ್ರು ಎಲ್ಲ ಮೊದ್ಲೇ ನೋಡಿರ್ತಾರೆ. ನೋವಾಗೋದು ಮರಗಟ್ಟೋ ಇಂಜೆಕ್ಷನ್ ಕೊಡುವಾಗ ಅಷ್ಟೇ, ತಲೆ ಸುತ್ತಾ ಚುಚ್ತಾ ಬರ್ತಾರೆ, ಕಣ್ಣಲ್ಲಿ ನೀರು ಬರ್ತಾವೆ ಸುಳ್ಳು ಹೇಳಲ್ಲ. ಆಮೇಲೆ ಬೋರಲು ಮಲಗ್ಸಿ 1 ಮಿಲಿಮೀಟರ್‌ಗಿಂತ ಸಣ್ಣ ಪಂಚ್ ಇರೋ ಮಷೀನಲ್ಲಿ ಒಂದೊಂದೇ ತೆಗೀತಾರೆ, ನೋವಿಲ್ಲ, ಮೂಳೆ ಮೇಲೆ ಗುರ್ ಅಂತ ಸದ್ದು ಮಾತ್ರ. ಊಟದ ಬ್ರೇಕಲ್ಲಿ ಮೊಸರನ್ನ ತಿಂತಾ ಕೂತಾಗ ಪಕ್ಕದ ಟೇಬಲ್ ನೋಡ್ದೆ, ತಣ್ಣಗಿನ ಸಲೈನ್ ಹಾಕಿದ ಸಣ್ಣ ಗಾಜಿನ ತಟ್ಟೇಲಿ ಗ್ರಾಫ್ಟ್‌ಗಳನ್ನ ಹತ್ತತ್ತರ ಸಾಲು ಜೋಡ್ಸಿದ್ರು, ಬಿಳೀ ಬುಡ, ತುದೀಲಿ ಚೂರು ಕರೀ ಕೂದ್ಲು. ಸಿಸ್ಟರ್ ಒಬ್ರು ಇಕ್ಕಳದಲ್ಲಿ ಎತ್ತಿ ಸಿಂಗಲ್ಲು, ಡಬಲ್ಲು, ತ್ರಿಬಲ್ಲು ಅಂತ ಬೇರೆ ಬೇರೆ ತಟ್ಟೆಗೆ ಹಾಕ್ತಿದ್ರು. ಸಿಂಗಲ್ಲೆಲ್ಲ ಮುಂದಿನ ಅಂಚಿಗೆ, ಇಲ್ಲಾಂದ್ರೆ ಗೊಂಬೆ ತಲೆ ತರ ಕಾಣುತ್ತಂತೆ. ಬೆಳಿಗ್ಗೆ ಹೋದವನು ಆಚೆ ಬರೋ ಹೊತ್ತಿಗೆ ಕತ್ಲಾಗಿತ್ತು.

ಆಮೇಲಿಂದೇ ಕಷ್ಟ. ಮೂರನೇ ದಿನ ಹಣೆ ಊದ್ಕೊಂಡು ಊತ ಕಣ್ಣಿಗಿಳೀತು, ಅಮ್ಮ ನೋಡಿ "ಯಾಕ್ ಬೇಕಿತ್ತೋ ನಿಂಗೆ, ದುಡ್ಡು ಕೊಟ್ಟು ಹೊಡಿಸ್ಕೊಂಡಂಗೈತೆ" ಅಂದ್ಲು. ಎರಡ್ ದಿನಕ್ಕೆ ಇಳೀತು, ಇದು ಮಾಮೂಲಿ. ದಿಂಬು ಎತ್ತರಿಸಿ ಅಂಗಾತ ಮಲಗ್ಬೇಕು, ಸಲೈನ್ ಸ್ಪ್ರೇ ಹೊಡೀತಾ ಇರ್ಬೇಕು, ಹಕ್ಕಳೆ ಕೀಳಂಗಿಲ್ಲ. ಮಂಡಕ್ಕಿ ಮಿರ್ಚಿ ತಿನ್ಬೋದಾ ಸರ್ ಅಂದಿದ್ದಕ್ಕೆ "ತಿನ್ರಿ, ಬೆವರು ಸುರಿಯೋವಷ್ಟು ಬೇಡ" ಅಂದ್ರು ಡಾಕ್ಟ್ರು. ಡ್ರಿಂಕ್ಸು, ಸಿಗರೇಟು ಮಾತ್ರ ಖಂಡಿತ ಬೇಡ ಅಂದ್ರು. ನಮ್ ಊರಿನ ಬಿಸ್ಲು ಧೂಳಿಗೆ ಏಪ್ರಿಲ್-ಮೇ ಅಲ್ಲಿ ಮಾಡಿಸ್ಬೇಡಿ, ಬೈಕ್ ಓಡ್ಸೋರು ಹೆಲ್ಮೆಟ್ ಯಾವಾಗ ಹಾಕ್ಬೋದು ಅಂತ ಮೊದ್ಲೇ ಕೇಳ್ಕೊಳ್ಳಿ, ಅಲ್ಲೀವರ್ಗೆ ಆಟೋನೇ ಗತಿ.

ಮತ್ತೆ ಯಾರೂ ಸರಿಯಾಗಿ ಹೇಳದೇ ಇರೋ ವಿಷ್ಯ: ನೆಟ್ಟ ಕೂದ್ಲು ಒಂದು ತಿಂಗಳೊಳಗೆ ಸುಮಾರೆಲ್ಲ ಉದುರ್ತಾವೆ. ಬೇರು ಒಳಗೇ ಇರುತ್ತೆ, ಮೇಲಿನ ಕೂದ್ಲು ಮಾತ್ರ ಹೋಗೋದು, ಇದೂ ಮಾಮೂಲಿನೇ, ಆದ್ರೂ ಟವೆಲ್ ತುಂಬಾ ನೋಡಿದಾಗ ಲಕ್ಷ ರೂಪಾಯಿ ಉದುರಿದಂಗೆ ಅನ್ಸುತ್ತೆ. ಪಕ್ಕದಲ್ಲಿರೋ ಹಳೇ ಕೂದ್ಲೂ ಶಾಕ್‌ಗೆ ಸ್ವಲ್ಪ ಉದುರ್ಬೋದು. ಮೂರ್ನಾಲ್ಕು ತಿಂಗಳು ಮೊದ್ಲಿಗಿಂತ ಕೆಟ್ಟದಾಗಿ ಕಾಣ್ತೀರ. ಮಂಡಿಪೇಟೆಲಿ ನಮ್ ಅಂಗಡಿಗೆ ಬರೋ ಗಿರಾಕಿಗಳು "ಏನಲೇ, ತಿರುಪತಿಗ್ ಹೋಗಿದ್ದಾ" ಅಂತ ಕೇಳಿದ್ರು. ನಾಲ್ಕನೇ ತಿಂಗಳಿಗೆ ಸಣ್ಣಗೆ ಮೊಳೀತು, ಆರಕ್ಕೆ ಪರವಾಗಿಲ್ಲ ಅನ್ನಂಗಾಯ್ತು, ಈಗ ಬಾಚ್ಕೊಂಡ್ರೆ ಗೊತ್ತಿಲ್ದೋರಿಗೆ ಗೊತ್ತಾಗಲ್ಲ. ಕಾಲೇಜ್ ಟೈಮಿನ ದಟ್ಟ ಕೂದ್ಲು ಬರಲ್ಲ, ಅದು ತಲೇಲಿರ್ಲಿ. ಹಿಂದ್ಗಡೆ ಗುರುತೇ ಇರಲ್ಲ ಅನ್ನೋದೂ ಸುಳ್ಳು, ತೀರಾ ಸಣ್ಣಗೆ ಮಷೀನ್ ಹೊಡ್ಸಿದ್ರೆ ಬಿಳೀ ಚುಕ್ಕಿ ಕಾಣ್ತಾವೆ.

ಇನ್ನು ಬಿಲ್ಲು. ಗ್ರಾಫ್ಟಿಗೆ 40 ಅಂದ್ರು, 2,200ಕ್ಕೆ 88,000 ಅಂತ ಲೆಕ್ಕ ಹಾಕ್ಕೊಂಡು ಹೋದ್ರೆ ಕೌಂಟರಲ್ಲಿ 1,03,840 ಬಿಲ್ಲು. ಕಾಸ್ಮೆಟಿಕ್ ಅಂತ 18 ಪರ್ಸೆಂಟ್ ಜಿಎಸ್‌ಟಿ. ಜಿಎಸ್‌ಟಿ ಇರೋದು ನಿಜ, ಆದ್ರೆ ಕೌನ್ಸೆಲರ್ ಮೇಡಂ ಅಷ್ಟೊತ್ತು ಮಾತಾಡಿದ್ರಲ್ಲ, ಒಂದು ಮಾತು ಹೇಳೋಕೇನಾಗಿತ್ತು? ಇದರ ಮೇಲೆ ಔಷಧಿ, ಟೆಸ್ಟು ಬೇರೆ. ಇನ್ಶೂರೆನ್ಸಲ್ಲೂ ಸಿಗಲ್ಲ. ಡಾಕ್ಟ್ರಿಗೆ 5ಕ್ಕೆ 5, ಫ್ರಂಟ್ ಆಫೀಸಿಗೆ 2 ಕೊಟ್ರೆ ಜಾಸ್ತಿ.

ಇರೋ ಕೂದ್ಲು ಉಳಿಸ್ಕೊಳ್ಳೋಕೆ ನೆತ್ತಿಗೆ ಮಿನಾಕ್ಸಿಡಿಲ್ ಹಚ್ತಾ ಇದೀನಿ, ಜೊತೆಗೆ ಫಿನಾಸ್ಟರೈಡ್ 1 ಎಂಜಿ ಮಾತ್ರೆ. ಕೆಲವ್ರಿಗೆ ಫಿನಾಸ್ಟರೈಡಿಂದ ಲೈಂಗಿಕ ತೊಂದ್ರೆ ಆಗುತ್ತೆ ಅಂತ ಡಾಕ್ಟ್ರೇ ಹೇಳಿ ಆಮೇಲೆ ಬರ್ಕೊಟ್ರು, ಮೆಡಿಕಲ್ ಶಾಪಲ್ಲಿ ನೀವೇ ಕೇಳಿ ತಗೋಬೇಡಿ. ಪಿಆರ್‌ಪಿ (ನಮ್ದೇ ರಕ್ತದಿಂದ ಬೇರೆ ಮಾಡಿದ ಪ್ಲಾಸ್ಮಾನ ತಲೆಗೆ ಚುಚ್ಚೋದು) ಪ್ಯಾಕೇಜ್ ತಗೊಳ್ಳಿ ಅಂತ ಆ ಮೇಡಂ ಈಗ್ಲೂ ಫೋನ್ ಮಾಡ್ತಾರೆ. ನಾನು ಜಿಎಸ್‌ಟಿ ಸೇರ್ಸಿ ರೇಟ್ ವಾಟ್ಸಾಪಲ್ಲಿ ಹಾಕಿ ಮೇಡಂ ಅಂತೀನಿ, ಇನ್ನೂ ಹಾಕಿಲ್ಲ.