ರಾಯಲ್ ಕ್ಲಿಪ್ಪರ್, ವಿಂಡ್ ಸರ್ಫ್: ಐದು ಕೂವೆಮರದ ಎರಡು ಹಡಗುಗಳಲ್ಲಿ ವಾಸ ಮತ್ತು ಊಟ

ಮೆಡಿಟರೇನಿಯನ್ ಸಮುದ್ರದಲ್ಲಿ ಈ ಎರಡೂ ಹಾಯಿಹಡಗುಗಳಲ್ಲಿ ಪ್ರಯಾಣ ಮಾಡಿದ ಮೇಲೆ, ಇನ್ನೊಮ್ಮೆ ಹಣ ಹೊಂದಿಸಿಕೊಂಡು ಹೊರಟರೆ ಯಾವುದನ್ನು ಹತ್ತುತ್ತೀರಿ ಎಂದು ಕೇಳುವವರಿಗೆ ನಾನು ಹಿಂದುಮುಂದು ನೋಡದೆ ರಾಯಲ್ ಕ್ಲಿಪ್ಪರ್ ಎನ್ನುತ್ತೇನೆ. ನಮ್ಮ ಯಜಮಾನರು ವಿಂಡ್ ಸರ್ಫ್ ಪಕ್ಷದವರು. ಅವರ ಕಾರಣಗಳಿಗೂ ತೂಕವಿದೆಯಾದ್ದರಿಂದ ಅವನ್ನೂ ಇಲ್ಲಿ ಬರೆಯುತ್ತಿದ್ದೇನೆ; ತೀರ್ಪು ಮಾತ್ರ ನನ್ನದೇ.

ಎರಡರಲ್ಲೂ ಐದು ಕೂವೆಮರಗಳಿವೆ, ಅಂದರೆ ಹಾಯಿ ಕಟ್ಟುವ ಎತ್ತರದ ಕಂಬಗಳಿವೆ, ಎಂಬುದನ್ನು ಬಿಟ್ಟರೆ ಹೋಲಿಕೆ ಹೆಚ್ಚು ದೂರ ಸಾಗುವುದಿಲ್ಲ. 2000ರಲ್ಲಿ ಪ್ರಯಾಣ ಆರಂಭಿಸಿದ ರಾಯಲ್ ಕ್ಲಿಪ್ಪರ್‌ಗೆ ಮಾದರಿಯಾದದ್ದು 1902ರ ಜರ್ಮನ್ ಸರಕು ಹಡಗು ಪ್ರಾಯ್ಸೆನ್. ಅದರ 42 ಹಾಯಿಪಟಗಳು ಬಿಚ್ಚಿಕೊಳ್ಳುವಾಗ ನಾವಿಕರು ಹಗ್ಗ ಎಳೆಯುವುದನ್ನು ಪಕ್ಕದಲ್ಲೇ ನಿಂತು ನೋಡಬಹುದು. ವಿಂಡ್ ಸರ್ಫ್ 1990ರಲ್ಲಿ ಕ್ಲಬ್ ಮೆಡ್ 1 ಎಂಬ ಹೆಸರಿನಿಂದ ಪ್ರಯಾಣ ಆರಂಭಿಸಿದ ಹಡಗು. ಅದರ ಏಳು ತ್ರಿಕೋನ ಪಟಗಳನ್ನು ಕಂಪ್ಯೂಟರ್ ಬಿಚ್ಚುತ್ತದೆ, ಕಂಪ್ಯೂಟರೇ ಮಡಚುತ್ತದೆ. ಗಾಳಿ ಸಾಲದಿದ್ದರೆ, ವೇಳೆಗೆ ಸರಿಯಾಗಿ ಬಂದರು ಸೇರಬೇಕಾದರೆ, ಎರಡೂ ಎಂಜಿನ್ ಹಾಕಿಕೊಂಡೇ ಹೋಗುತ್ತವೆ. ಆದರೆ ಎಂಜಿನ್ ನಿಲ್ಲಿಸಿ ಬರೀ ಗಾಳಿಯ ಬಲದಿಂದ ಸಾಗುವ ಗಂಟೆಗಳು ನನಗೆ ಹೆಚ್ಚಾಗಿ ಸಿಕ್ಕಿದ್ದು ರಾಯಲ್ ಕ್ಲಿಪ್ಪರ್‌ನಲ್ಲಿ.

ಕ್ಯಾಬಿನ್ ವಿಷಯದಲ್ಲಿ ವಿಂಡ್ ಸರ್ಫ್ ಗೆಲ್ಲುತ್ತದೆ. ಅಲ್ಲಿನ ಸಾಮಾನ್ಯ ಕ್ಯಾಬಿನ್ 188 ಚದರಡಿ, ಯಾವುದನ್ನು ತೆಗೆದುಕೊಂಡರೂ ದುಂಡು ಕಿಟಕಿಗಳಿಂದ ಸಮುದ್ರ ಕಾಣುತ್ತದೆ. ಸ್ನಾನದ ಮನೆಯಲ್ಲಿ ಷವರ್‌ಗೆ ಒಂದು, ಕಮೋಡ್‌ಗೆ ಒಂದು ಎಂದು ಎರಡು ದುಂಡನೆಯ ಗೂಡುಗಳಿದ್ದು, ಒಬ್ಬರು ಸ್ನಾನ ಮಾಡುತ್ತಿರುವಾಗಲೇ ಇನ್ನೊಬ್ಬರು ಹಲ್ಲುಜ್ಜಬಹುದು. ಮದುವೆಯಾಗಿ ಬಹಳ ವರ್ಷವಾದವರಿಗೆ ಇದರ ಬೆಲೆ ಗೊತ್ತು. ರಾಯಲ್ ಕ್ಲಿಪ್ಪರ್‌ನ ಒಡಲು ಹಳೆಯ ಕಾಲದ ವೇಗದ ಹಡಗುಗಳಂತೆ ಕಿರಿದು, ಆದ್ದರಿಂದ ಕ್ಯಾಬಿನ್‌ಗಳೂ ಕಿರಿದು. ಕಿಟಕಿಯೇ ಇಲ್ಲದ ಒಳಗಿನ ಕೆಲವು ಕ್ಯಾಬಿನ್‌ಗಳೂ ಅಲ್ಲಿ ಮಾರಾಟಕ್ಕಿವೆ. ಸ್ನಾನದ ಮನೆಗೆ ಅಮೃತಶಿಲೆ ಹೊದಿಸಿದ್ದಾರೆ, ನಿಜ, ಆದರೆ ತಿರುಗಿ ನಿಲ್ಲುವಾಗ ಮೊಣಕೈ ಆ ಅಮೃತಶಿಲೆಗೇ ತಗಲುತ್ತದೆ.

ನಮಗೆ ನಿಜವಾಗಿ ಕಿರಿಕಿರಿಯಾದದ್ದು ಅಳತೆಯಿಂದಲ್ಲ, ಜಾಗದಿಂದ. ರಾಯಲ್ ಕ್ಲಿಪ್ಪರ್ ಪ್ರಯಾಣವನ್ನು ಬೆಂಗಳೂರಿನ ಒಬ್ಬ ಏಜೆಂಟರ ಮೂಲಕ ಕಾಯ್ದಿರಿಸಿದ್ದೆವು. ಹಡಗಿನ ಮಧ್ಯಭಾಗದ ಕ್ಯಾಬಿನ್ ಬೇಕೆಂದು ನಾವು ಬರೆದು ಕೊಟ್ಟಿದ್ದರೂ, ಅವರು ನಮ್ಮನ್ನು ಕೇಳದೆ, ದರ್ಜೆಯನ್ನಷ್ಟೇ ಖಾತರಿ ಮಾಡಿ ಕ್ಯಾಬಿನ್ ಸಂಖ್ಯೆಯನ್ನು ಆಮೇಲೆ ಹಂಚುವ ಅಗ್ಗದ ದರವನ್ನು ಹಿಡಿದಿದ್ದರು. ಉಳಿದ ಹಣ ನಮ್ಮ ಬಿಲ್ಲಿನಲ್ಲಿ ಎಲ್ಲಿಯೂ ಕಾಣಲಿಲ್ಲ. ಹತ್ತಿದ ಮೇಲೆ ನೋಡಿದರೆ ನಮ್ಮದು ಕೆಳಗಿನ ಡೆಕ್‌ನಲ್ಲಿ, ಮೂತಿಯ ಕಡೆಗಿದ್ದ ಕ್ಯಾಬಿನ್.

ಅದರಿಂದೇನು ಎನ್ನುವವರಿಗೆ ಸ್ವಲ್ಪ ವಿವರಿಸಬೇಕು. ರೋಮ್‌ನ ಬಂದರಾದ ಚಿವಿಟಾವೆಕಿಯಾದಿಂದ ಹೊರಡುವ ಇಂತಹ ಹಡಗುಗಳು ಪೊಂಜಾ, ಲಿಪಾರಿ, ಅಮಾಲ್ಫಿಯಂತಹ ಸಣ್ಣ ಊರುಗಳಿಗೆ ಹೋಗುತ್ತವೆ. ಅಲ್ಲಿ ದಡದಿಂದ ದೂರದಲ್ಲಿಯೇ ಲಂಗರು ಹಾಕಿ, ಜನರನ್ನು ದೋಣಿಯಲ್ಲಿ ಊರಿಗೆ ಸಾಗಿಸುವುದು ವಾಡಿಕೆ. ಲಂಗರು ಇಳಿಯುವುದು ಬೆಳಗಿನ ಹೊತ್ತು. ಅದರ ಸರಪಳಿ ಇರುವುದು ಮೂತಿಯಲ್ಲಿ. ಒಂದೊಂದೂ ತೊಡೆಯ ಗಾತ್ರವಿರುವ ಕಬ್ಬಿಣದ ಕೊಂಡಿಗಳು ಕೊಳವೆಯ ಮೂಲಕ ಸುರಿದು ಹೋಗುವಾಗ ತಲೆದಿಂಬಿನ ಪಕ್ಕದಲ್ಲೇ ಜಲ್ಲಿ ಲಾರಿ ಖಾಲಿ ಮಾಡಿದಂತಾಗುತ್ತದೆ. ಒಮ್ಮೆ ನಿಂತಿತು ಎಂದು ಕಣ್ಣು ಮುಚ್ಚಿದರೆ, ಹಿಡಿತ ಸರಿಯಾಗಲೆಂದು ಇನ್ನಷ್ಟು ಉದ್ದ ಬಿಡುತ್ತಾರೆ. ಮೂತಿಯಲ್ಲಿ ಮಲಗಿದವರಿಗೆ ಯಾವ ಹಡಗಿನಲ್ಲಾದರೂ ಇದೇ ಗತಿ. ನಾವು ಮಲಗಬೇಕಾಗಿದ್ದುದು ಅಲ್ಲಲ್ಲ, ಅಷ್ಟೇ.

ಹಾಸಿಗೆ ಯಾವ ದಿಕ್ಕಿಗಿದೆ ಎಂಬುದನ್ನೂ ಮುಂಚೆಯೇ ನಕ್ಷೆಯಲ್ಲಿ ನೋಡಿಕೊಳ್ಳಬೇಕು. ಎಂಜಿನ್ನಿನ ಹಡಗು ಅತ್ತಿತ್ತ ತೂಗಾಡುತ್ತದೆ. ಹಾಯಿಯ ಹಡಗಾದರೋ ಗಾಳಿಗೆ ಒಂದೇ ಮಗ್ಗುಲಿಗೆ ವಾಲಿಕೊಂಡು ರಾತ್ರಿಯಿಡೀ ಹಾಗೆಯೇ ಸಾಗಬಹುದು. ಹಾಸಿಗೆ ಅಡ್ಡಲಾಗಿದ್ದರೆ ಒಂದು ರಾತ್ರಿ ತಲೆ ಮೇಲೆ, ಮರುರಾತ್ರಿ ಕಾಲು ಮೇಲೆ. ಉದ್ದಕ್ಕಿದ್ದರೆ ಗೋಡೆಗೆ ಒರಗಿ ನಿದ್ರಿಸಬಹುದು, ನನಗೆ ಅದು ಹಿತವೇ ಆಯಿತು. ವಾಲಿದ ಹೊತ್ತಿನಲ್ಲಿ ಷವರ್‌ನ ನೀರು ತೂಬಿರುವ ಮೂಲೆಯನ್ನು ಬಿಟ್ಟು ಎದುರಿನ ಮೂಲೆಯಲ್ಲಿ ನಿಲ್ಲುತ್ತದೆ.

ಇನ್ನು ಊಟ. ರಾಯಲ್ ಕ್ಲಿಪ್ಪರ್‌ನಲ್ಲಿ ಇರುವುದು ಒಂದೇ ಊಟದ ಮನೆ. ಮೂರು ಡೆಕ್‌ಗಳಷ್ಟು ಎತ್ತರಕ್ಕೆ ತೆರೆದ ಅಂಗಳದ ತಳದಲ್ಲಿ ಅದಿದೆ, ಆ ಅಂಗಳದ ನೆತ್ತಿಯಲ್ಲಿ ಗಾಜಿನ ತಳದ ಈಜುಕೊಳವಿದೆ. ಮಧ್ಯಾಹ್ನ ಊಟಕ್ಕೆ ಕುಳಿತಾಗ ನೀರಿನ ಅಲೆಗಳನ್ನು ಹಾದು ಬಂದ ಬಿಸಿಲು ಕೆಳಗೆ ಅಲುಗಾಡುತ್ತಿರುತ್ತದೆ, ಮೇಲೆ ಯಾರೋ ಈಜಿ ಹೋದರೆ ನೆರಳೂ ಹಾದು ಹೋಗುತ್ತದೆ. ಬೆಳಿಗ್ಗೆ, ಮಧ್ಯಾಹ್ನ ಬಫೆ, ರಾತ್ರಿ ಬಡಿಸುತ್ತಾರೆ. ಇಂಥದ್ದೇ ಜಾಗವೆಂದು ನಿಗದಿಯಿಲ್ಲ, ಮೇಜುಗಳು ಹೆಚ್ಚಾಗಿ ದೊಡ್ಡವು, ಆದ್ದರಿಂದ ಗುರುತಿಲ್ಲದವರೊಡನೆ ಕುಳಿತು ಮಾತನಾಡಲೇಬೇಕು. ಇದು ನನಗೆ ಸಂತೋಷ, ಯಜಮಾನರಿಗೆ ಶಿಕ್ಷೆ. ರಾತ್ರಿಯ ಪಟ್ಟಿಯಲ್ಲಿ ಸಸ್ಯಾಹಾರದ ಒಂದು ಬಗೆ ಇರುತ್ತಿತ್ತು, ಪಾಸ್ತಾ ಇದ್ದ ದಿನ ಚೆನ್ನಾಗಿಯೇ ಇರುತ್ತಿತ್ತು. ಉಳಿದ ದಿನಗಳಲ್ಲಿ ಬರೀ ಅನ್ನ ಮತ್ತು ಬೆಳಗಿನ ತಿಂಡಿಯ ಮೊಸರನ್ನು ಕೇಳಿ ಪಡೆದು, ಚೀಲದಲ್ಲಿದ್ದ ಮಾವಿನಮಿಡಿ ಉಪ್ಪಿನಕಾಯಿ ತೆಗೆದೆವು. ನಗುವವರು ನಗಲಿ.

ವಿಂಡ್ ಸರ್ಫ್‌ನಲ್ಲಿ ಆಯ್ಕೆ ಹೆಚ್ಚು. ಆಂಫೊರಾ ಎಂಬ ಮುಖ್ಯ ಊಟದ ಮನೆಯ ಜೊತೆಗೆ, ಸಂಜೆಯಾದರೆ ತೆರೆದ ಡೆಕ್ ಮೇಲೆ ದೀಪವಿಟ್ಟು ಬಡಿಸುವ ಕ್ಯಾಂಡಲ್ಸ್ ಇದೆ. ಅದು ಹೆಸರಾಗಿರುವುದು ಮಾಂಸದ ಗ್ರಿಲ್‌ಗೆ, ನಮ್ಮಂಥವರಿಗೆ ಅಲ್ಲಿ ಆಕಾಶವೇ ಮುಖ್ಯ ಭಕ್ಷ್ಯ. ಇಬ್ಬರೇ ಕೂರುವ ಮೇಜು ಸುಲಭವಾಗಿ ಸಿಗುತ್ತದೆ, ಹೊತ್ತಲ್ಲದ ಹೊತ್ತಿನಲ್ಲಿ ಹಸಿವಾದರೆ ಕ್ಯಾಬಿನ್ನಿಗೇ ತಂದುಕೊಡುತ್ತಾರೆ. ಊಟ ಸಪ್ಪೆ ಎಂದು ಯಜಮಾನರು ಮೆಲ್ಲಗೆ ಹೇಳಿದ್ದಕ್ಕೆ, ಇಂಡೋನೇಷ್ಯಾದ ಬಡಿಸುವ ಹುಡುಗನೊಬ್ಬ ತಮ್ಮವರಿಗಾಗಿ ಅರೆದಿಟ್ಟ ಸಂಬಾಲ್ ಚಟ್ನಿಯನ್ನು ಪುಟ್ಟ ಬಟ್ಟಲಲ್ಲಿ ತಂದಿಟ್ಟ. ಅದರಲ್ಲಿ ಸೀಗಡಿ ಇದೆಯೇ ಎಂದು ಕೇಳಿದ್ದಕ್ಕೆ ನಕ್ಕು ಒಳಗೆ ಹೋಗಿ, ಬರೀ ಹಸಿಮೆಣಸಿನಕಾಯಿ ಕೊಚ್ಚಿ ನಿಂಬೆರಸ ಹಿಂಡಿ ತಂದ. ಅಂದಿನಿಂದ ಆ ಹಡಗೇ ಶ್ರೇಷ್ಠ ಎಂದು ಅವರು ನಿಶ್ಚಯಿಸಿಬಿಟ್ಟರು.

ಅನುಕೂಲಗಳ ಪಟ್ಟಿ ಬೆಳೆಸುವುದಿಲ್ಲ. ವಿಂಡ್ ಸರ್ಫ್‌ನಲ್ಲಿ ಲಿಫ್ಟ್ ಇದೆ, ನಾವು ಹೋದಾಗ ಕ್ಯಾಸಿನೊ ಕೂಡ ಇತ್ತು. ರಾಯಲ್ ಕ್ಲಿಪ್ಪರ್‌ನಲ್ಲಿ ಎರಡೂ ಇಲ್ಲ. ಕ್ಯಾಸಿನೊ ಇಲ್ಲದ್ದು ಒಳ್ಳೆಯದೇ, ಲಿಫ್ಟ್ ಇಲ್ಲದ್ದು ಮೊಣಕಾಲು ನೋವಿನವರಿಗೆ ಕಷ್ಟ, ಏಕೆಂದರೆ ಊಟಕ್ಕೂ ಮೆಟ್ಟಿಲಿಳಿದೇ ಹೋಗಬೇಕು. ಹಿಂಭಾಗದ ಹಲಗೆಯನ್ನು ಸಮುದ್ರಕ್ಕೆ ಇಳಿಸಿ ಈಜಲು ಬಿಡುವುದು ಎರಡರಲ್ಲೂ ಉಂಟು.

ಆದರೆ ರಾಯಲ್ ಕ್ಲಿಪ್ಪರ್‌ನ ಮೂತಿಯಿಂದ ಮುಂದಕ್ಕೆ ಚಾಚಿದ ಕಂಬದ ಕೆಳಗೆ ಬಲೆ ಕಟ್ಟಿದ್ದಾರೆ. ಕೆಳಗೆ ಬರೀ ನೀರು, ಹಿಂದಿನಿಂದ ಹಡಗು ನಮ್ಮ ಮೇಲೆಯೇ ಬರುತ್ತಿರುವಂತೆ ಕಾಣುತ್ತದೆ. ಬೆಳಿಗ್ಗೆ ಬೇಗ ಏಳುವ ನನಗೆ ಆ ಬಲೆ ಹೆಚ್ಚಾಗಿ ಖಾಲಿ ಸಿಗುತ್ತಿತ್ತು. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಕೂವೆಮರ ಹತ್ತುವ ಅವಕಾಶವನ್ನು ಚಿಕ್ಕವರಿಗೆ ಬಿಟ್ಟುಕೊಟ್ಟೆ.

ಖರ್ಚಿನ ಮಾತು ಬಂದರೆ, ವಿಂಡ್ ಸರ್ಫ್ ಟಿಕೆಟ್‌ನಲ್ಲೇ ತಂಪು ಪಾನೀಯಗಳು ಸೇರಿವೆ, ರಾಯಲ್ ಕ್ಲಿಪ್ಪರ್‌ನಲ್ಲಿ ಅವಕ್ಕೆ ಯೂರೊ ಲೆಕ್ಕ ಬೇರೆ. ಹಾಗಿದ್ದರೂ ಸಣ್ಣ ಕ್ಯಾಬಿನ್‌ಗೆ ಒಪ್ಪುವವರಿಗೆ ಒಟ್ಟು ಮೊತ್ತ ರಾಯಲ್ ಕ್ಲಿಪ್ಪರ್‌ನಲ್ಲೇ ಹಗುರವಾಗಬಹುದು, ನಮಗೆ ಹಾಗೆಯೇ ಆಯಿತು. 1931ರಲ್ಲಿ ಅಮೆರಿಕದ ಸಿರಿವಂತೆ ಮಾರ್ಜರಿ ಮೆರಿವೆದರ್ ಪೋಸ್ಟ್ ದಂಪತಿಗಾಗಿ ಕಟ್ಟಿದ, 64 ಜನರನ್ನಷ್ಟೇ ಕರೆದೊಯ್ಯುವ ಸೀ ಕ್ಲೌಡ್ ಹಡಗಿನ ದರಪಟ್ಟಿಯನ್ನೂ ತರಿಸಿ ನೋಡಿದೆ. ಓದಿ ಮಡಚಿಟ್ಟೆ.

ಮುಂದಿನ ಸಲಕ್ಕೆ ರಾಯಲ್ ಕ್ಲಿಪ್ಪರ್‌ನಲ್ಲೇ, ಮಧ್ಯಭಾಗದಲ್ಲಿ, ದುಂಡು ಕಿಟಕಿಯಿರುವ, ಹಾಸಿಗೆ ಉದ್ದಕ್ಕಿರುವ ಕ್ಯಾಬಿನ್ನನ್ನು ನಕ್ಷೆಯಲ್ಲಿ ಗುರುತು ಹಾಕಿಟ್ಟಿದ್ದೇನೆ. ಕ್ಯಾಬಿನ್ ಸಂಖ್ಯೆ ಲಿಖಿತವಾಗಿ ಕೈಗೆ ಬರುವವರೆಗೆ ಯಾವ ಏಜೆಂಟರಿಗೂ ಮುಂಗಡ ಕೊಡುವುದಿಲ್ಲ.